ಕೊರಳಪಟ್ಟಿಗೆ ಎರಡು ಬೆರಳು

“ಗುರುಗಳೇ, ಭಕ್ತಿ ಬತ್ತಿಹೋದವನು ಮಠದಲ್ಲಿ ಇರಬಹುದೇ?” ಎಂದು ರೇವಯ್ಯ ಕೇಳಿದ.

ರೇವಯ್ಯ ಮಠಕ್ಕೆ ಬಂದಾಗ ಅವನಿಗೆ ಹದಿನೇಳು ವರ್ಷ. ಈಗ ನಲವತ್ತೆಂಟು. ಬಂದ ದಿನವೇ ತನಗೆ ತಾನೇ ಒಂದು ನೇಮ ಹಾಕಿಕೊಂಡಿದ್ದ. ದಿನಕ್ಕೆ ಒಂದೇ ಊಟ, ಬರಿನೆಲದ ಮೇಲೆ ಮೂರು ತಾಸು ನಿದ್ದೆ, ಕೋಳಿ ಕೂಗುವ ಮೊದಲು ತಣ್ಣೀರ ಸ್ನಾನ, ಆಮೇಲೆ ಅಲುಗದೆ ಕೂತು ಜಪ. ಮೂವತ್ತೊಂದು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. ಹೊಸದಾಗಿ ಬಂದವರಿಗೆ ನೇಮ ಹೇಳಿಕೊಡುವ ಕೆಲಸವೂ ಅವನದೇ. ಯಾರ ಮೈ ಎಷ್ಟು ಉಪವಾಸ ತಡೆಯುತ್ತದೆ ಎಂದು ಮುಖ ನೋಡಿಯೇ ಹೇಳುತ್ತಿದ್ದ. ಈಚೆಗೆ ಜಪಕ್ಕೆ ಕೂತರೆ ಅವನಿಗೆ ಕಣ್ಣು ಕತ್ತಲೆ ಬರುತ್ತಿತ್ತು. ದೇವರ ಹೆಸರು ಬಾಯಲ್ಲಿರುವಾಗಲೇ ಬೇಸರ ಏಳುತ್ತಿತ್ತು.

“ನನ್ನ ಒಳಗೇ ಏನೋ ಕೆಟ್ಟಿದೆ. ಕಾವಿ ಕಳಚಿಟ್ಟು ಹೋಗಲು ಅಪ್ಪಣೆ ಕೊಡಿ,” ಎಂದ.

ಗುರುಗಳು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. “ಕೂತುಕೋ. ಮೂವತ್ತೊಂದು ವರ್ಷ ಇದ್ದವನು ಒಂದು ಕತೆ ಮುಗಿಯುವ ತನಕ ಇದ್ದರೆ ನಷ್ಟವೇನಿಲ್ಲ,” ಎಂದರು. ಅವರು ಹೇಳಿದ ಕತೆ ಇದು.

ಕಡಲ ದಂಡೆಯ ಒಂದು ಊರಿನಲ್ಲಿ ಒಬ್ಬ ಮುಳುಗುಗಾರನಿದ್ದ. ಅವನ ಹೆಸರು ಜಟ್ಟಪ್ಪ ಮೊಗೇರ. ಪ್ರವಾಸಕ್ಕೆ ಬಂದವರನ್ನು ದೋಣಿಯಲ್ಲಿ ಒಂದು ದ್ವೀಪದ ಹತ್ತಿರ ಕರೆದೊಯ್ದು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕೈ ಹಿಡಿದು ನೀರಿನಡಿಗೆ ಇಳಿಸಿ, ಮೀನು ತೋರಿಸಿ ಮೇಲೆ ತರುವುದು ಅವನ ಕಸುಬು. ಕೆಳಗೆ ಇರುವಷ್ಟು ಹೊತ್ತು ಅವರ ಪ್ರಾಣ ಅವನ ಕೈಯಲ್ಲಿ. ಆ ಕೈಯಿಂದ ಒಬ್ಬರೂ ಜಾರಿರಲಿಲ್ಲ.

ನೀರಿಗೆ ಇಳಿಯುವವರು ಮೈಗೆ ಒಂದು ರಬ್ಬರಿನ ಅಂಗಿ ತೊಡುತ್ತಾರೆ. ಅದಕ್ಕೆ ವೆಟ್‌ಸೂಟ್ ಎನ್ನುತ್ತಾರೆ. ಅದು ನೀರನ್ನು ಪೂರ್ತಿ ತಡೆಯುವುದಿಲ್ಲ ಎಂದು ಕೇಳಿ ನನಗೂ ಆಶ್ಚರ್ಯವಾಗಿತ್ತು. ಸ್ವಲ್ಪ ನೀರು ಒಳಗೆ ಬರುತ್ತದೆ, ಬಂದದ್ದು ಅಲ್ಲೇ ನಿಲ್ಲುತ್ತದೆ, ಅದನ್ನು ಮೈಯೇ ಬೆಚ್ಚಗೆ ಮಾಡಿಕೊಳ್ಳುತ್ತದೆ. ಅಂಗಿ ಸಡಿಲವಾದರೆ ತಣ್ಣೀರು ಒಂದೇ ಸಮನೆ ನುಗ್ಗಿ ಮೈ ನಡುಗುತ್ತದೆ. ಬಿಗಿ ಹೆಚ್ಚಾದರೆ ಉಸಿರು ಕಟ್ಟುತ್ತದೆ. ಅದಕ್ಕೇ ಅಳತೆ ಸರಿಯಾಗಿರಬೇಕು.

ಜಟ್ಟಪ್ಪ ಅಳತೆಯಲ್ಲಿ ನಿಸ್ಸೀಮ. ಬಂದವರನ್ನು ಒಂದು ಸಲ ನೋಡಿ ತೂಗುಹಾಕಿದ ಸಾಲಿನಿಂದ ಅಂಗಿ ತೆಗೆದುಕೊಡುತ್ತಿದ್ದ. ತೊಡುವುದೋ ಒಂದು ಕುಸ್ತಿ. ಪಾದಕ್ಕೆ ಪ್ಲಾಸ್ಟಿಕ್ ಚೀಲ ಹಾಕಿಕೊಂಡರೆ ಕಾಲು ಸಲೀಸಾಗಿ ಜಾರುತ್ತದೆ ಎಂದು ತೋರಿಸುತ್ತಿದ್ದ. ಉಗುರು ತಾಗಿಸಿ ಎಳೆದವರನ್ನು ಗದರುತ್ತಿದ್ದ, ಉಗುರಿಗೆ ರಬ್ಬರು ಹರಿಯುತ್ತದೆ. ಬೆನ್ನ ಜಿಪ್ಪು ಏರಿಸಿದ ಮೇಲೆ ಕೊನೆಗೊಂದು ಪದ್ಧತಿಯಿತ್ತು. ಪ್ರತಿಯೊಬ್ಬರ ಕೊರಳಪಟ್ಟಿಯೊಳಗೆ ತನ್ನ ಎರಡು ಬೆರಳು ತೂರಿಸಿ ನೋಡುವುದು. ಎರಡು ಬೆರಳು ಹಿಡಿದರೆ ಸರಿ. ಹಿಡಿಯದಿದ್ದರೆ ಅಂಗಿ ಬದಲು. ಮಂತ್ರಿ ಬಂದರೂ ಜಟ್ಟಪ್ಪನ ಬೆರಳು ಆಡದೆ ದೋಣಿಯಿಂದ ಇಳಿಯುವ ಹಾಗಿರಲಿಲ್ಲ.

ಅವನ ಸ್ವಂತ ಅಂಗಿಗೆ ಹನ್ನೊಂದು ವರ್ಷವಾಗಿತ್ತು. ಬೇರೆಯವರ ಅಂಗಿ ನಾಲ್ಕೈದು ವರ್ಷಕ್ಕೇ ಹರಿದುಹೋಗುತ್ತಿತ್ತು. ಇವನದು ಹೋಗಲಿಲ್ಲ. ದಿನಾ ಸಂಜೆ ಸಿಹಿನೀರಿನಲ್ಲಿ ತೊಳೆದು, ಒಳಮೈ ಹೊರಗೆ ಮಾಡಿ, ನೆರಳಿನಲ್ಲಿ ದಪ್ಪ ಮರದ ಹ್ಯಾಂಗರಿಗೆ ಹಾಕಿ ಒಣಗಿಸುತ್ತಿದ್ದ. ಜಿಪ್ಪಿಗೆ ಮೇಣ ಸವರುತ್ತಿದ್ದ. ಮಡಚಿ ಇಡುವವರನ್ನು ಕಂಡರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ನಗಬೇಡ ರೇವಯ್ಯ, ನೀನು ಕಾವಿ ಒಣಗಿಸುವುದನ್ನು ನಾನೂ ನೋಡಿದ್ದೇನೆ.

ಒಂದು ವರ್ಷ ಅವನಿಗೆ ನೀರಿನಲ್ಲಿ ತಲೆ ತಿರುಗತೊಡಗಿತು. ಕತ್ತು ಹೊರಳಿಸಿದರೆ ಕಣ್ಣ ಮುಂದೆ ಕಪ್ಪು ಚುಕ್ಕೆಗಳು. ಎದೆಬಡಿತ ನಿಧಾನವಾಗಿ, ಇನ್ನೇನು ನಿಂತೇಹೋಗುತ್ತದೆ ಎನಿಸುತ್ತಿತ್ತು. ಮೇಲೆ ಬಂದು ಅಂಗಿ ಕಳಚಿ ಸ್ವಲ್ಪ ಹೊತ್ತು ಕೂತರೆ ಸರಿಹೋಗುತ್ತಿತ್ತು. ಅವನ ಅಪ್ಪ ನಲವತ್ತೈದಕ್ಕೆ ಎದೆ ಹಿಡಿದುಕೊಂಡು ಸತ್ತಿದ್ದ. ಇವನಿಗೆ ಆಗ ನಲವತ್ತನಾಲ್ಕು. ತನ್ನ ಸರದಿ ಬಂತು ಎಂದು ಅವನು ತೀರ್ಮಾನಿಸಿಬಿಟ್ಟ.

ಡಾಕ್ಟರ ಹತ್ತಿರ ಹೋದ. ಆದರೆ ಕಸುಬು ಹೇಳಲಿಲ್ಲ. ಹೇಳಿದರೆ ನೀರಿಗೆ ಇಳಿಯಬೇಡ ಎಂದಾರು ಎಂಬ ಭಯ. ಮೆಟ್ಟಿಲು ಹತ್ತುವಾಗ ತಲೆ ತಿರುಗುತ್ತದೆ ಎಂದ. ಡಾಕ್ಟರು ಎಲ್ಲ ನೋಡಿ, ಹೃದಯ ಚೆನ್ನಾಗಿದೆ, ಹೊಟ್ಟೆ ಮಾತ್ರ ಕರಗಿಸಿ ಎಂದರು. ಅವನು ನಂಬಲಿಲ್ಲ. ಮೆಟ್ಟಿಲಿನ ರೋಗಕ್ಕೆ ಕೊಟ್ಟ ಉತ್ತರ ಕಡಲಿನ ರೋಗಕ್ಕೆ ಹೇಗೆ ಹೊಂದೀತು?

ಮನೆಯಲ್ಲಿ ಹೆಂಡತಿ ದುರ್ಗಮ್ಮ ಒಂದು ಸಂಜೆ ಅವನ ಕತ್ತು ನೋಡಿ, “ಎಂತ ಮಾರಾಯ್ರೆ ಇದು, ಹಗ್ಗ ಬಿಗಿದ ಹಾಗೆ ಕೆಂಪು ಗೆರೆ?” ಎಂದು ಕೇಳಿದಳು. ಉಪ್ಪುನೀರಿನ ತುರಿಕೆ ಎಂದುಬಿಟ್ಟ. ಅವಳು ಕೊಬ್ಬರಿ ಎಣ್ಣೆ ಹಚ್ಚಿದಳು.

ಅವನಿಗೆ ಸಾಯುವ ಹೆದರಿಕೆಗಿಂತ ದೊಡ್ಡ ಹೆದರಿಕೆ ಒಂದಿತ್ತು. ತಾನು ಕೆಳಗೆ ಎಚ್ಚರ ತಪ್ಪಿದರೆ ತನ್ನ ಕೈ ಹಿಡಿದವರ ಗತಿಯೇನು? ವರ್ಷವಾಗುತ್ತ ಬಂದಾಗ, ಆ ವಾರ ಕಳೆದ ಮೇಲೆ ದೋಣಿಯ ಧಣಿಗೆ ಹೇಳಿ ಕೆಲಸ ಬಿಡುವುದು ಎಂದು ಮನಸ್ಸು ಮಾಡಿದ. ಆ ವಾರವೂ ಇಳಿಯಬಾರದಿತ್ತು. ಅದು ತಪ್ಪು, ತಪ್ಪೆಂದು ಅವನಿಗೂ ಗೊತ್ತಿತ್ತು. ಆದರೆ ನೀರು ಬಿಟ್ಟ ಜಟ್ಟಪ್ಪ ಎಂದರೆ ಯಾರು ಎಂಬುದು ಅವನಿಗೇ ಗೊತ್ತಿರಲಿಲ್ಲ. ಒಂದೊಂದು ದಿನ ಮುಂದಕ್ಕೆ ಹಾಕುತ್ತ ಹೋದ.

ವಾರದ ಕೊನೆಯ ದಿನ ಗದಗಿನ ಕಡೆಯ ಹೆಂಗಸರ ಒಂದು ಗುಂಪು ಬಂತು. ಅದರಲ್ಲಿ ನೀರಿಗಿಳಿಯುವ ಧೈರ್ಯ ಮಾಡಿದವಳು ಬಸಲಿಂಗವ್ವ ಒಬ್ಬಳೇ. ಆಕೆ ಹೊಲಿಗೆಯವಳು. ಜಟ್ಟಪ್ಪ ಅವಳಿಗೆ ಅಂಗಿ ಕೊಟ್ಟು, ಸಡಿಲವಾದರೆ ತಣ್ಣೀರು ನುಗ್ಗುತ್ತದೆ ಎಂದ. ಅವಳು ಕೈಯಿಂದ ಮುಟ್ಟಿ, ಹೊಲಿಗೆ ತಿರುಗಿಸಿ ನೋಡಿ, ಒಪ್ಪಿ ತೊಟ್ಟಳು. ದ್ವೀಪದ ಹತ್ತಿರ ಲಂಗರು ಬಿಟ್ಟ ಮೇಲೆ ಜಟ್ಟಪ್ಪ ತನ್ನ ಅಂಗಿ ಏರಿಸಿಕೊಂಡು ಬಂದು, ಪದ್ಧತಿಯಂತೆ ಅವಳ ಕೊರಳಪಟ್ಟಿಯೊಳಗೆ ಎರಡು ಬೆರಳಿಟ್ಟು ನೋಡಿದ. ಸರಿಯಾಗಿತ್ತು. ಯಾಕೆ ಹೀಗೆ ನೋಡುವುದು ಎಂದು ಅವಳು ಕೇಳಿದಳು. ಅವನು ದಿನಾ ಹೇಳುವುದನ್ನೇ ಹೇಳಿದ: ಕತ್ತಿನ ಎರಡೂ ಬದಿ ರಕ್ತದ ದಾರಿ ಇದೆ, ಪಟ್ಟಿ ಅಲ್ಲಿ ಒತ್ತಿದರೆ ಎದೆಬಡಿತ ನಿಧಾನವಾಗುತ್ತದೆ, ತಲೆ ತಿರುಗುತ್ತದೆ, ಎಚ್ಚರವೂ ತಪ್ಪಬಹುದು.

ಹೇಳಿದವನು ತನ್ನ ಮಾತನ್ನು ತಾನೇ ಕೇಳಿಸಿಕೊಳ್ಳಲಿಲ್ಲ ನೋಡು. ಕೇಳಿಸಿಕೊಂಡವಳು ಅವಳು. ಹೊಲಿಗೆಯವರ ಕೈ ಸುಮ್ಮನಿರುವುದಿಲ್ಲ. ಅವಳು ತನ್ನ ಬೆರಳನ್ನು ಅವನ ಕೊರಳಪಟ್ಟಿಗೆ ತಂದಳು. ಎರಡು ಹೋಗಲಿಲ್ಲ. ಒಂದೂ ಹೋಗಲಿಲ್ಲ. ಉಗುರು ಕೂಡ ತೂರಲಿಲ್ಲ.

“ಅಣ್ಣಾರ, ಇದು ನಿಮ್ಮ ತಮ್ಮನ ಅಂಗಿ ಏನ್ರಿ?” ಎಂದಳು.

“ಇಲ್ಲಮ್ಮ, ನಂದೇ,” ಎಂದ ಜಟ್ಟಪ್ಪ.

“ಇಪ್ಪತ್ತೆಂಟು ವರ್ಷ ಆತ್ರಿ ನಾ ಜಂಪರ್ ಹೊಲ್ಯಾಕ ಹತ್ತಿ. ಅಂಗಿ ನಿಮ್ಮದ ಇದ್ರೂ ಇರಲಿ, ಈ ಕೊಳ್ಳಿನ ಪಟ್ಟಿ ನಿಮ್ಮದಲ್ಲ.”

ಅವಳು ಕೇಳದೆಯೇ ಅವನ ಬೆನ್ನ ಹಿಂದೆ ಹೋಗಿ ಜಿಪ್ಪು ಇಳಿಸಿದಳು. ಕೊರಳಪಟ್ಟಿ ಬಾಯಿ ಬಿಟ್ಟಿತು. ಜಟ್ಟಪ್ಪನ ಕಣ್ಣ ಮುಂದೆ ಆಗಲೇ ಮೂಡಿದ್ದ ಕಪ್ಪು ಚುಕ್ಕೆಗಳು ಒಂದೊಂದಾಗಿ ಕರಗಿದವು. ಎದೆ ಸರಿಯಾಗಿ ಬಡಿಯತೊಡಗಿತು. ಅವನು ಕತ್ತನ್ನು ಎಡಕ್ಕೆ ತಿರುಗಿಸಿದ, ಬಲಕ್ಕೆ ತಿರುಗಿಸಿದ. ಏನೂ ಆಗಲಿಲ್ಲ. ದೋಣಿಯ ಅಂಚಿನಲ್ಲಿ ಕುಸಿದು ಕೂತು, ಅಷ್ಟೂ ಜನರ ಮುಂದೆ ಗಳಗಳ ಅತ್ತ. ಸಾವು ಬಂದಿದೆ ಎಂದು ಒಂದು ವರ್ಷ ಹೆದರಿದವನಿಗೆ ಅದು ಬರೀ ಬಿಗಿ ಅಂಗಿ ಎಂದು ತಿಳಿದರೆ ಇನ್ನೇನು ಮಾಡಿಯಾನು? ಅತ್ತು ಮುಗಿಸಿ ನಗಲು ಶುರುಮಾಡಿದ.

ಹನ್ನೊಂದು ವರ್ಷದಲ್ಲಿ ಅವನ ಕತ್ತು ದಪ್ಪವಾಗಿತ್ತು, ರಬ್ಬರು ಗಡುಸಾಗಿತ್ತು. ದಿನಾ ಕೂದಲೆಳೆಯಷ್ಟೇ ಆದದ್ದರಿಂದ ಅವನಿಗೆ ತಿಳಿಯಲಿಲ್ಲ. ಅಷ್ಟು ಜೋಪಾನ ಮಾಡದೆ ಇದ್ದಿದ್ದರೆ ಅಂಗಿ ಎಂದೋ ಹರಿದು, ಅವನು ಹೊಸದಕ್ಕೆ ಅಳತೆ ಕೊಟ್ಟಿರುತ್ತಿದ್ದ. ಸಾವಿರ ಕೊರಳಿಗೆ ಬೆರಳಿಟ್ಟವನ ಕೊರಳಿಗೆ ಬೆರಳಿಡಬೇಕು ಎಂದು ದೋಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನಕ್ಕು ಮುಗಿದ ಮೇಲೆ ಅಂಗಿಯ ಮೇಲೆ ಸಿಟ್ಟಿಗೆದ್ದು ಅವನು ಚಾಕು ತೆಗೆದು ಕೊರಳಪಟ್ಟಿ ಕೊಯ್ಯಲು ಹೋದ. ಬಸಲಿಂಗವ್ವ ಕೈ ಹಿಡಿದಳು. ಕೊಯ್ದರೆ ತಣ್ಣೀರು ಒಳಗೆ ಬರುತ್ತದೆ, ನೀವೇ ಹೇಳಿದಿರಲ್ಲ ಎಂದಳು. ಅವನು ಪ್ರವಾಸಿಗಳಿಗೆಂದು ದೋಣಿಯಲ್ಲಿಟ್ಟಿದ್ದ ಅಂಗಿಗಳಲ್ಲಿ ಎರಡು ನಂಬರು ದೊಡ್ಡದು ತೊಟ್ಟು, ಕೊರಳನ್ನು ಅವಳ ಬೆರಳಿಗೆ ಒಡ್ಡಿದ. ಎರಡು ಬೆರಳು ಹಿಡಿಯಿತು. ಆದರೂ ಒಂದು ತಾಸು ಸುಮ್ಮನೆ ಕೂತ. ದೋಣಿಯಲ್ಲಿದ್ದ ಇನ್ನೊಬ್ಬ ಮುಳುಗುಗಾರನನ್ನು ಕರೆದು, ಒಂದು ವರ್ಷದಿಂದ ಮುಚ್ಚಿಟ್ಟದ್ದನ್ನೆಲ್ಲ ಹೇಳಿ, ಜೊತೆಗೆ ಇಳಿಯಲು ಕೇಳಿಕೊಂಡ. ಮೂವರೂ ಇಳಿದರು. ತಲೆ ತಿರುಗಲಿಲ್ಲ. ವರ್ಷದ ಮೇಲೆ ಮೊದಲ ಸಲ ಅವನು ತನ್ನ ಎದೆಯನ್ನು ಮರೆತು ಮೀನು ನೋಡಿದ.

ಹಳೆಯ ಅಂಗಿಯನ್ನು ಅವನು ಬಿಸಾಡಲಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಸಪೂರ ಆಳೊಬ್ಬನಿಗೆ ಕೊಟ್ಟ. ಅವನಿಗೆ ಅದು ಹೇಳಿ ಹೊಲಿಸಿದಂತೆ ಕೂತಿತು. ಅಂದಿನಿಂದ ಆ ದೋಣಿಯಲ್ಲಿ, ಎಲ್ಲರ ಕೊರಳು ನೋಡಿಯಾದ ಮೇಲೆ, ಜಟ್ಟಪ್ಪ ಬಾಗಿ ನಿಲ್ಲುತ್ತಾನೆ. ಬಂದವರಲ್ಲಿ ಯಾರಾದರೊಬ್ಬರು ಅವನ ಕೊರಳಿಗೆ ಬೆರಳಿಟ್ಟು ನೋಡುತ್ತಾರೆ.

ಗುರುಗಳು ಕತೆ ನಿಲ್ಲಿಸಿದರು. ರೇವಯ್ಯನ ಮುಖದಲ್ಲಿ ನಗು ಇನ್ನೂ ಇತ್ತು. ಜಟ್ಟಪ್ಪ ಬದುಕಿಕೊಂಡದ್ದು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

“ಪಾಪ, ಎದೆ ಗಟ್ಟಿಯಾಗಿಯೇ ಇತ್ತು. ಸುಮ್ಮನೆ ಕಡಲು ಬಿಡಲು ಹೊರಟಿದ್ದ,” ಎಂದ.

“ಹೌದು,” ಎಂದರು ಗುರುಗಳು. “ರೇವಯ್ಯ, ನೀನು ತೊಟ್ಟಿರುವ ನೇಮ ಯಾವ ಹುಡುಗನದು?”

ರೇವಯ್ಯನ ಕೈ ತಾನಾಗಿ ಕೊರಳಿಗೆ ಹೋಯಿತು.