ಗಾಜುಮೀನು ಬಿಡುವ ದಿನ

"ಒಂದು ಸಲ ನಾನು ಮೀನನ್ನ ಬಾಯಲ್ಲಿಟ್ಕೊಂಡು ಹೊಳೆ ದಾಟಿದೀನಿ," ಅಂದ ಹರಿಗೋಲಜ್ಜ. "ತುಂಬಿದ ಹೊಳೆ. ಆಚೆ ದಡ ಮುಟ್ಟೋತನಕ ತುಟಿ ಬಿಚ್ಚಲಿಲ್ಲ. ಉಗಿದರೆ, ಮೀನು ಬಾಲ ಬಡ್ಕೊಂಡು ಹೋಯ್ತು."

"ಯಾರು ನೋಡಿದ್ರು?" ಅಂತ ಕೇಳಿದಳು ಆಶ್ರಮದ ಅಡಿಗೆ ನೋಡಿಕೊಳ್ಳುವ ಓಬಮ್ಮ.

"ಹರಿಗೋಲಲ್ಲಿ ಇಬ್ಬರಿದ್ದರು. ಶಾನುಭೋಗರು, ಅವರ ಕುದುರೆ. ಪಾಪ, ಈಗ ಇಬ್ಬರೂ ಇಲ್ಲ."

ಶಿಷ್ಯ ತಿಪ್ಪೇಶಿ ನಗಲಿಲ್ಲ. ಅವನ ಮುಂದೆ ಒಂದು ಮಣ್ಣಿನ ಗಡಿಗೆ. ಗಡಿಗೆಯೊಳಗೆ ಒಂಬತ್ತು ಗಾಜುಮೀನು.

ಹೆಬ್ಬೆರಳಿನ ಉಗುರಿನಷ್ಟು ಮೀನು. ಮೈಯೊಳಗಿನ ಮುಳ್ಳನ್ನು ಹೊರಗಿನಿಂದಲೇ ಎಣಿಸಬಹುದು. ಪಕ್ಕದಲ್ಲಿ ಜೋರಾಗಿ ಸೀನಿದರೂ ಸಾಯುತ್ತವೆ ಅನ್ನುತ್ತಿದ್ದರು ಹೊಳೆಯ ಮಂದಿ. ಸೀನಿ ನೋಡುವ ಧೈರ್ಯ ಮಾತ್ರ ಯಾರೂ ಮಾಡಿರಲಿಲ್ಲ.

ಬಂಡೆಯ ಕೆಳಗಿನ ಮಡು ಅವುಗಳ ಮನೆ. ಅಲ್ಲೇ ಹೊಸ ಸೇತುವೆಯ ಕಂಬ ಬರುತ್ತದೆ. ಬೆಳಗಿನಿಂದ ಮಡುವಿಗೆ ಮಣ್ಣು ಸುರಿಯುತ್ತಿದ್ದರು. ಅಷ್ಟರಲ್ಲಿ ತಿಪ್ಪೇಶಿಯ ಕೈಗೆ ಸಿಕ್ಕಿದ್ದು ಈ ಒಂಬತ್ತು.

"ಹಿತ್ತಲಲ್ಲಿ ಕಲ್ಲುಬಾನಿ ಖಾಲಿ ಬಿದ್ದಿದೆ," ಅಂದ ಅಜ್ಜ. "ದನ ನೀರು ಕುಡೀತಿದ್ದದ್ದು. ಅದರಲ್ಲಿ ಸಾಕು. ಹಿಡಿದೋನು ನೀನು, ಇನ್ನು ಇವು ನಿನ್ನ ತಲೆ ಮೇಲೆ."

"ಯಾವಾಗ ಬಿಡಲಿ ಅಜ್ಜಾ?"

"ನೀರು ಪಳಗಿದಾಗ."

ಅಜ್ಜನಿಗೆ ಓದು ಬರಹ ಬಾರದು. ಮುಪ್ಪಾಗುವವರೆಗೆ ಹರಿಗೋಲು ಹಾಕಿದ, ಆಮೇಲೆ ದಡದಲ್ಲಿ ಕೂತ. ಮಾತು ಕೇಳಲು ಜನ ಬಂದರು, ಎರಡು ಗುಡಿಸಲೆದ್ದವು, ಊರವರು ಆಶ್ರಮ ಅಂದರು. ತಿಪ್ಪೇಶಿ ಹಾಗಲ್ಲ. ಮೂವತ್ತು ವರ್ಷ ಪೇಟೆಯ ಆಸ್ಪತ್ರೆಯಲ್ಲಿ ಕಾಂಪೌಂಡರ್. ಸೂಜಿ ಕುದಿಸಿದವನು, ಸೀಸೆ ತೊಳೆದವನು. ಕೈ ತೊಳೆದೂ ತೊಳೆದೂ ಅಂಗೈಯ ಗೆರೆಗಳೇ ಅಳಿಸಿಹೋಗಿದ್ದವು. ಕೈ ನೋಡಿ ಭವಿಷ್ಯ ಹೇಳಲು ಬಂದವನೊಬ್ಬ ಆ ಅಂಗೈ ಕಂಡು, ಕೊಟ್ಟ ದಕ್ಷಿಣೆ ವಾಪಸು ಮಾಡಿ ಹೋಗಿದ್ದ.

ಪಳಗುವುದೆಂದರೆ ಏನೆಂದು ತಿಪ್ಪೇಶಿ ಕೇಳಲಿಲ್ಲ. ಚೊಕ್ಕವಾಗುವುದು ಅಂತ ತಾನೇ ತಿಳಿದುಕೊಂಡ.

ಬ್ಲೀಚಿಂಗ್ ಪೌಡರ್ ಹಾಕಿ ಬಾನಿಯನ್ನು ಉಜ್ಜಿದ. ಹನ್ನೊಂದು ಸಲ ತೊಳೆದ. ಒಂದು ದಿನ ಬಿಸಿಲಿಗೆ ಒಣಗಿಸಿ, ಬಾವಿಯ ನೀರು ತುಂಬಿಸಿದ. ನೀರು ಎಷ್ಟು ತಿಳಿಯಾಗಿತ್ತೆಂದರೆ, ಬಾನಿ ಖಾಲಿಯಿದೆ ಅಂದುಕೊಂಡು ಇಳಿದ ಕಾಗೆಯೊಂದು ಮುಳುಗಿ ಎದ್ದು ಬೈದುಕೊಂಡು ಹಾರಿಹೋಯಿತು.

ತಿಪ್ಪೇಶಿ ಎರಡು ಮೀನು ಬಿಟ್ಟ.

ಬಿಸಿಲು ಇಳಿಯುವ ಹೊತ್ತಿಗೆ ಎರಡೂ ಮೇಲೆ ತೇಲಿದವು. ಬದುಕಿದ್ದಾಗ ಗಾಜಿನಂತಿದ್ದ ಮೈ ಹಾಲಿನಂತೆ ಬೆಳ್ಳಗಾಗಿತ್ತು.

ಅಂಗೈಯಲ್ಲಿ ಅವನ್ನಿಟ್ಟುಕೊಂಡು ಓಡಿ ಬಂದ. "ಅಜ್ಜಾ! ನೀರಲ್ಲಿ ಏನೂ ಇರಲಿಲ್ಲ ಅಜ್ಜಾ! ಒಂದು ಕಸ ಇಲ್ಲ, ಕಡ್ಡಿ ಇಲ್ಲ!"

"ಅದಕ್ಕೇ ಸತ್ತವು," ಅಂದ ಅಜ್ಜ.

ಅಜ್ಜ ಹೊಳೆಗಿಳಿದ. ಟವಲು ಹಾಸಿ ಗೆಂಡೆ ಮೀನಿನ ಮರಿಗಳನ್ನು ಹಿಡಿದ. ಪಾಚಿ ಹತ್ತಿದ ಒಂದು ಕಲ್ಲನ್ನೂ ಎತ್ತಿಕೊಂಡ. ಎರಡನ್ನೂ ತಂದು ಬಾನಿಗೆ ಹಾಕಿದ.

"ಇವು ಸಾಯಲ್ವಾ?"

"ಇವು ಪುಂಡರು. ಕೊಚ್ಚೇಲಿ ಬಿಟ್ರೂ ಕುಣೀತವೆ. ಪುಂಡರು ಮೊದಲು ಓಡಾಡಲಿ. ನೀನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಗಡಿಗೆಯಿಂದ ಒಂದು ಚೊಂಬು ನೀರು ಬಾನಿಗೆ ಹಾಕು. ಬಾನಿಯಿಂದ ಒಂದು ಚೊಂಬು ಗಡಿಗೆಗೆ ಹಾಕು."

"ಆಮೇಲೆ?"

"ಆಮೇಲೆ ಕೈ ಕಟ್ಟಿ ಕೂತ್ಕೋ."

"ಅಷ್ಟೇನಾ?"

"ಅಷ್ಟು ಮಾಡಿ ತೋರಿಸು ನೋಡೋಣ."

ಮೂರನೇ ಬೆಳಿಗ್ಗೆ ಗಡಿಗೆಯಲ್ಲೇ ಒಂದು ಮೀನು ಸತ್ತಿತ್ತು. ಉಳಿದದ್ದು ಆರು.

ತಿಪ್ಪೇಶಿಗೆ ಅನ್ನ ಇಳಿಯಲಿಲ್ಲ. ಬಾನಿಗೆ ಬಿಟ್ಟರೆ ಸಾಯುತ್ತವೆ, ಗಡಿಗೆಯಲ್ಲಿಟ್ಟರೂ ಸಾಯುತ್ತವೆ. ವಾಪಸು ಮಡುವಿಗೇ ಬಿಟ್ಟುಬಿಡೋಣ ಅಂತ ಗಡಿಗೆ ಹೊತ್ತು ಹೊಳೆಗೆ ಹೋದ. ಮಡು ಇದ್ದ ಜಾಗದಲ್ಲಿ ಮಣ್ಣಿನ ದಿಬ್ಬ ಎದ್ದಿತ್ತು. ದಿಬ್ಬದ ಮೇಲೆ ಕೂತು ಒಬ್ಬ ಬುತ್ತಿ ಬಿಚ್ಚುತ್ತಿದ್ದ.

ನೀರು ತುಳುಕದ ಹಾಗೆ ಉಸಿರು ಬಿಗಿಹಿಡಿದು ಗಡಿಗೆಯನ್ನು ವಾಪಸು ತಂದ.

"ಎಲ್ಲಿಗೆ ಹೋಗಿತ್ತೋ ಮೆರವಣಿಗೆ?" ಅಂದಳು ಓಬಮ್ಮ.

"ಸುಮ್ನಿರಮ್ಮಾ. ನನ್ನ ಎದೆ ನಿನ್ನ ಒನಕೆಗಿಂತ ಜೋರಾಗಿ ಕುಟ್ತಾ ಇದೆ."

"ಹಂಗಾದ್ರೆ ಇತ್ತ ಬಾ. ಎರಡು ಸೇರು ಮೆಣಸಿನಕಾಯಿ ಕುಟ್ಟೋದಿದೆ."

ದಿನಾ ಬೆಳಿಗ್ಗೆ ಅದೇ ಪ್ರಶ್ನೆ. ಬಿಡಲಾ ಅಜ್ಜಾ? ದಿನಾ ಅದೇ ಉತ್ತರ. ಬೇಡ.

ಹತ್ತನೇ ದಿನ ತಿಪ್ಪೇಶಿಗೆ ತಡೆಯಲಿಲ್ಲ. "ಗೆಂಡೆ ಒಂದೂ ಸತ್ತಿಲ್ಲ ಅಜ್ಜಾ. ನೀರು ವಾಸನೆ ಬರ್ತಿಲ್ಲ. ಇನ್ನೇನು ಬೇಕು? ಗೆಂಡೆ ಬದುಕಿವೆಯಲ್ಲ!"

"ಗೆಂಡೆ ಬದುಕಿದ್ದು ಗೆಂಡೆಯ ಸುದ್ದಿ," ಅಂದ ಅಜ್ಜ, ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ. "ಗಾಜುಮೀನಿನ ಸುದ್ದಿ ಏನಾದ್ರೂ ಇದ್ರೆ ಹೇಳು."

ಅಷ್ಟರಲ್ಲಿ ಬಾನಿಯ ಒಳಮೈಗೆ ಹಸಿರು ಹತ್ತತೊಡಗಿತು. ಮೊದಲು ಮಂಜು ಕವಿದ ಹಾಗೆ. ಆಮೇಲೆ ಬೆರಳಿಟ್ಟರೆ ಜಾರುವಷ್ಟು. ಅದನ್ನು ಕಂಡಾಗಲೆಲ್ಲ ತಿಪ್ಪೇಶಿಯ ಕೈ ತುರಿಸುತ್ತಿತ್ತು. ಈ ಕೊಳೆ ಇರುವ ತನಕ ಅಜ್ಜ ಹೂಂ ಅನ್ನುವುದಿಲ್ಲ, ಅಜ್ಜ ಹೂಂ ಅನ್ನುವ ತನಕ ಗಡಿಗೆಯ ಆರು ಜೀವ ಉಳಿಯುವುದಿಲ್ಲ ಅನಿಸಿತು.

ಒಂದು ಬೆಳಿಗ್ಗೆ ಅಜ್ಜ ಹೊಳೆಗೆ ಹೋಗಿದ್ದಾಗ ತೆಂಗಿನ ನಾರು ಹಿಡಿದು ಬಾನಿಗೆ ಇಳಿದೇಬಿಟ್ಟ. ಮುಕ್ಕಾಲು ನೀರು ಚೆಲ್ಲಿದ. ಒಳಮೈಯನ್ನೆಲ್ಲ ಉಜ್ಜಿದ. ಪಾಚಿಯ ಕಲ್ಲಿಗೆ ಬಿಸಿನೀರು ಹೊಯ್ದು ಬೋಳು ಮಾಡಿದ. ಹೊಸ ನೀರು ತುಂಬಿಸಿದ. ಎಷ್ಟೋ ದಿನದ ಮೇಲೆ ಅವತ್ತು ಹೊಟ್ಟೆ ತುಂಬ ಉಂಡ.

ಎರಡು ದಿನ ಕಳೆಯಿತು. ಮೂರನೇ ದಿನ ಗೆಂಡೆಗಳು, ಕೊಚ್ಚೆಯಲ್ಲೂ ಕುಣಿಯುವ ಪುಂಡರು, ನೀರಿನ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು.

ತಿಪ್ಪೇಶಿ ಓಡಿದ. ಅಜ್ಜನ ಮುಂದೆ ಹೋಗಿ ನಿಂತ. "ಉಜ್ಜಿಬಿಟ್ಟೆ ಅಜ್ಜಾ. ಎಲ್ಲಾ ಉಜ್ಜಿಬಿಟ್ಟೆ."

ಅಜ್ಜ ಬೈಯಲಿಲ್ಲ. ಎದ್ದು ಅಡಿಗೆಮನೆಗೆ ಹೋದ. ಗೋಡೆಗೆ ಒರಗಿಸಿದ್ದ ದೋಸೆ ಕಾವಲಿಯನ್ನು ತೆಗೆದುಕೊಂಡು ಅಂಗಳಕ್ಕೆ ಬಂದು ಕೂತ. ಇಟ್ಟಿಗೆ ಪುಡಿ ಹಾಕಿ ಗರಗರ ಉಜ್ಜತೊಡಗಿದ.

ಓಬಮ್ಮ ಸೌಟು ಹಿಡಿದೇ ಓಡಿ ಬಂದಳು. "ಅಯ್ಯಯ್ಯೋ! ಅಜ್ಜಾ, ನಿಮಗೇನು ಬಂತು? ಇಪ್ಪತ್ತು ವರ್ಷದ ಕಾವಲಿ ಅದು! ನಮ್ಮತ್ತೆ ಕೊಟ್ಟದ್ದು!"

"ಕರ್ರಗಿತ್ತು. ಚೊಕ್ಕ ಮಾಡಿದೆ."

"ಆ ಕಪ್ಪೇ ಅಲ್ವಾ ದೋಸೆ ಎಬ್ಬಿಸೋದು! ಕೊಡಿ ಇತ್ತ!"

ಕಾವಲಿಯ ಅರ್ಧ ಬೆಳ್ಳಿಯಂತೆ ಹೊಳೆಯುತ್ತಿತ್ತು. ಅವತ್ತು ಸಂಜೆ ಒಂದು ದೋಸೆಯೂ ಮೇಲೇಳಲಿಲ್ಲ. ಎಲ್ಲರೂ ಕೆರೆದು ಕೊಟ್ಟ ಚೂರುಗಳನ್ನು ತಿಂದರು. ಓಬಮ್ಮ ಪ್ರತಿ ಚೂರಿನ ಜೊತೆಗೂ ಒಂದೊಂದು ಬೈಗುಳ ಬಡಿಸಿದಳು.

ತಿಪ್ಪೇಶಿ ಎಲೆ ನೋಡುತ್ತಾ ಕೂತಿದ್ದ. "ಅಜ್ಜಾ, ಕಾವಲಿ ಮತ್ತೆ ಪಳಗೋಕೆ ಎಷ್ಟು ದಿನ ಬೇಕು?"

"ಅವಳನ್ನ ಕೇಳು."

"ದಿನ ಎಣಿಸ್ಕೊಂಡು ಯಾರು ದೋಸೆ ಹುಯ್ತಾರೆ?" ಅಂದಳು ಓಬಮ್ಮ. "ದಿನಾ ಎಣ್ಣೆ ಸವರೋದು, ದಿನಾ ಒಂದು ಹುಯ್ಯೋದು. ಏಳೋ ದಿನ ಏಳ್ತದೆ."

ಮರುದಿನ ತಿಪ್ಪೇಶಿ ತಾನೇ ಹೊಳೆಗಿಳಿದು ಪಾಚಿ ಹತ್ತಿದ ಕಲ್ಲು ತಂದ. ಎರಡು ಗೆಂಡೆ ಸತ್ತಿದ್ದವು, ಉಳಿದವು ಸುಧಾರಿಸಿಕೊಂಡವು. ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು. ಗಡಿಗೆಯ ಮೀನಿಗೆ ತಿನ್ನಲು ನಾಲ್ಕೇ ನಾಲ್ಕು ಸೊಳ್ಳೆಹುಳ. ಉಳಿದ ಹೊತ್ತು ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂರುತ್ತಿದ್ದ. ಹಾಗೆ ಕೂತೂ ಕೂತೂ ಕೈ ಜೋಮು ಹಿಡಿದು, ಊಟದ ಹೊತ್ತಿಗೆ ತುತ್ತು ಎತ್ತಲು ಬರುತ್ತಿರಲಿಲ್ಲ.

ರಾತ್ರಿ ನಿದ್ದೆ ಹತ್ತದು. ಬೆಳಗಾದ ಕೂಡಲೇ ಗಡಿಗೆಗೆ ಬಗ್ಗುವ ಮೊದಲು ಕಣ್ಣು ಮುಚ್ಚಿ ನಿಲ್ಲುತ್ತಿದ್ದ. ಆಮೇಲೆ ಎಣಿಸುತ್ತಿದ್ದ. ಆರು. ಇವತ್ತಿಗೆ ಆರು.

ಹಸಿರು ಮತ್ತೆ ಹತ್ತಿತು. ಎಲ್ಲಿಂದ ಬಂದವೋ, ಸಾಸಿವೆಯಷ್ಟು ಬಸವನಹುಳುಗಳು ಬಾನಿಯ ಒಳಮೈ ಮೇಲೆ ನಡೆದಾಡತೊಡಗಿದವು. ಅಜ್ಜ ದಿನಾ ಬಂದು ಬಾನಿಗೆ ಬಗ್ಗಿ ವಾಸನೆ ನೋಡುತ್ತಿದ್ದ, ಹೋಗುತ್ತಿದ್ದ.

ನಲವತ್ತೆಂಟು ದಿನದ ಮಂಡಲ ಕಳೆದು ಮೇಲೆ ಐದು ದಿನವಾಗಿತ್ತು. ಒಂದು ಬೆಳಿಗ್ಗೆ ಅಜ್ಜ ಅಂದ, "ಇವತ್ತು ಬಿಡು."

ತಿಪ್ಪೇಶಿ ಗಡಿಗೆಗೆ ಅಡ್ಡ ನಿಂತ. "ಇವತ್ತಾ?"

"ಇವತ್ತೇ."

"ನಾಳೆ ಬಿಡೋಣ ಅಜ್ಜಾ. ಇಲ್ಲಾ ಇನ್ನೊಂದು ವಾರ ನೋಡೋಣ. ಗಡಿಗೇಲಿ ಹೆಂಗೂ ಒಗ್ಗಿಕೊಂಡವೆ."

"ಎಲಾ ಇವನ! ಬಿಡಲಾ ಬಿಡಲಾ ಅಂತ ನನ್ನ ಪ್ರಾಣ ತಿಂದೋನು ನೀನೇ ತಾನೇ?"

"ಆಗ ನನಗೆ ಅಷ್ಟು ಭಯ ಇರಲಿಲ್ಲ ಅಜ್ಜಾ."

ಅಜ್ಜ ಗಡಿಗೆಯನ್ನು ಎತ್ತಿ ಬಾನಿಯೊಳಗೆ ಮೆಲ್ಲಗೆ ಮುಳುಗಿಸಿದ. ಅಡ್ಡಡ್ಡ ಮಲಗಿಸಿ ಕೈ ತೆಗೆದ. ಗಡಿಗೆಯ ಬಾಯಿ ಹಸಿರು ನೀರಿಗೆ ತೆರೆದುಕೊಂಡಿತು.

ಒಂದು ಹೊರಗೆ ಬಂತು. ತುಸು ಹೊತ್ತಿಗೆ ಇನ್ನೆರಡು. ಆಮೇಲೆ ಮತ್ತೆರಡು. ಮೈ ಗಾಜು, ನೀರು ಹಸಿರು, ಬಂದದ್ದೇ ಕಾಣೆಯಾದವು. ತಿಪ್ಪೇಶಿ ಬಾನಿಯ ಸುತ್ತ ಸುತ್ತಿದ. ಎಲ್ಲೂ ಕಾಣಲಿಲ್ಲ. ಆರನೆಯದು ಗಡಿಗೆಯ ತಳದಲ್ಲೇ ನಿಂತಿತ್ತು.

ಅದನ್ನು ಹೊರಗೆ ತಳ್ಳಲು ತಿಪ್ಪೇಶಿ ಕೈ ಚಾಚಿದ. ಅಜ್ಜ ಮಣಿಕಟ್ಟು ಹಿಡಿದುಕೊಂಡ.

"ಬರುತ್ತೆ."

"ಬರದಿದ್ರೆ?"

"ಗಡಿಗೆಯೂ ಈಗ ಬಾನಿಯೊಳಗೇ ಇದೆಯಲ್ಲೋ."

ಅವತ್ತು ಇಡೀ ದಿನ ತಿಪ್ಪೇಶಿ ಬಾನಿಯ ಹತ್ತಿರ ಹೋಗಲಿಲ್ಲ. ಯಾರೂ ಕೇಳದಿದ್ದರೂ ಓಬಮ್ಮನ ಮೆಣಸಿನಕಾಯಿಯನ್ನೆಲ್ಲ ಕುಟ್ಟಿ ಮುಗಿಸಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಖಾರಕ್ಕೆ ಅಂದ.

ಮರುದಿನ ಬಿಸಿಲು ಬಾನಿಗೆ ಬಿದ್ದಾಗ ಬಗ್ಗಿ ನೋಡಿದ. ಹಸಿರಿನ ಮುಂದೆ ಸಣ್ಣ ಕರಿ ಚುಕ್ಕೆಗಳು. ಮೀನಿನ ಕಣ್ಣುಗಳು. ಚುಕ್ಕೆಗಳು ಒಟ್ಟಿಗೆ ತಿರುಗಿದವು, ಒಟ್ಟಿಗೆ ನಿಂತವು. ಎಣಿಸಿದ. ತಪ್ಪಿತು. ಮತ್ತೆ ಎಣಿಸಿದ. ಆರು.

ಎಂಟು ದಿನ ಕಳೆದ ಮೇಲೂ ಆರು.

ಸುದ್ದಿ ಹೊಳೆ ದಡಕ್ಕೆಲ್ಲ ಹಬ್ಬಿತು. ಸೇತುವೆ ಕೆಲಸದವರು ನೋಡಲು ಬಂದರು. ಅಜ್ಜ ಬಾನಿಯ ಅಂಚಿಗೆ ಕೈಯೂರಿ ನಿಂತ.

"ಇದು ನನ್ನ ಹದಿಮೂರನೇ ಬಾನಿ," ಅಂದ. "ಹನ್ನೆರಡು ಬಾನಿಗೆ ಬಿಟ್ಟು ನೋಡಿದೀನಿ, ಒಂದು ಮೀನೂ ಸತ್ತಿಲ್ಲ. ಯಾವ ದಿನ ಬಿಡಬೇಕು ಅನ್ನೋದು ನೀರಿನ ಮುಖ ನೋಡಿದ್ರೇ ನನಗೆ ಗೊತ್ತಾಗುತ್ತೆ."

ಓಬಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು.

"ಯಾವ ಹನ್ನೆರಡು ಅಜ್ಜಾ? ಇಲ್ಲಿ ಬಂದು ಕೂತ ದಿನದಿಂದ ನಿಮಗೆ ಅನ್ನ ಹಾಕ್ತಿರೋಳು ನಾನು. ಅದಕ್ಕೂ ಮುಂಚೆ ನಲವತ್ತು ವರ್ಷ ನಮ್ಮಪ್ಪ ನಿಮ್ಮ ಜೊತೆ ಹರಿಗೋಲಲ್ಲಿದ್ದ. ನೀವು ಮೀನು ಹಿಡಿದು ಸಾರು ಮಾಡಿದ್ದು ಉಂಟು. ಸಾಕಿದ್ದು ಯಾವಾಗ?"

ಬಂದವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ತಿಪ್ಪೇಶಿಗೆ ನಗು ಬರಲಿಲ್ಲ.

"ಅಜ್ಜಾ, ನಿಮಗೂ ಇದೇ ಮೊದಲಾ?"

ಅಜ್ಜ ಹೊಳೆಯ ಕಡೆ ನೋಡಿದ. "ಇದೇ ಮೊದಲು."

"ಹಂಗಾದ್ರೆ ನಿಮಗೂ ಗೊತ್ತಿರಲಿಲ್ಲ! ಮತ್ತೆ ದಿನಾ ಬೆಳಿಗ್ಗೆ ನಾನು ಕೇಳಿದಾಗೆಲ್ಲ ಬೇಡ, ಬೇಡ ಅಂದಿರಲ್ಲ?"

ಅಜ್ಜ ಹೆಗಲು ಕುಣಿಸಿದ.

"ಗೊತ್ತಿಲ್ಲ ಅಂತಲೇ ಬೇಡ ಅಂದೆ. ಗೊತ್ತು ಅಂದ್ಕೊಂಡಿದ್ರೆ ಮೊದಲನೇ ದಿನವೇ ಹೂಂ ಅಂದುಬಿಡ್ತಿದ್ದೆ."