ಒಳಗೆ ಕೂತು ನೋಡುವ ನಕ್ಷತ್ರ

ಹೊಳೆದಂಡೆಯ ಮಠವೊಂದರಲ್ಲಿ ಗುರುಮಲ್ಲನೆಂಬ ಶಿಷ್ಯನಿದ್ದ. ಮಠದ ಶಾಲೆಯ ಮಕ್ಕಳಿಗೆ ನಕ್ಷತ್ರ ತೋರಿಸುವ ಕೆಲಸವನ್ನು ಗುರುಗಳು ಅವನಿಗೆ ಒಪ್ಪಿಸಿದ್ದರು. ಟೆಲಿಸ್ಕೋಪು ಕೊಳ್ಳಲು ಭಕ್ತರು ಒಂದಿಷ್ಟು ಹಣವನ್ನೂ ಕೊಟ್ಟಿದ್ದರು. ಹೆಚ್ಚೇನಲ್ಲ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕಿತ್ತು.

ಮಳೆಗಾಲ ಕಳೆದು ಚಳಿ ಬಂತು. ಟೆಲಿಸ್ಕೋಪು ಬರಲಿಲ್ಲ.

"ಏನಾಯ್ತಪ್ಪಾ?" ಎಂದರು ಗುರುಗಳು.

"ಮಸೂರದ್ದು ನೋಡ್ದೆ ಬುದ್ಧಿ. ಅದನ್ನ ನಿಲ್ಲಿಸೋ ಕಾಲುಗಳು ತೀರಾ ಸಣ್ಣ. ಗಾಳಿ ಬಂದ್ರೆ ಚಂದ್ರನೇ ನಡುಗ್ತಾನೆ."

"ಬೇರೇದು?"

"ಕನ್ನಡಿದು ಚೆನ್ನಾಗಿದೆ. ಆದ್ರೆ ಅಷ್ಟು ಹಣಕ್ಕೆ ಸಿಗೋದ್ರಲ್ಲಿ ಫೋಟೋ ಸರಿಯಾಗಿ ಬರಲ್ವಂತೆ."

"ಮತ್ತೆ?"

ಗುರುಮಲ್ಲನ ಮುಖ ಅರಳಿತು. "ಇನ್ನೊಂದಿದೆ ಬುದ್ಧಿ. ಹೊರಗಿಟ್ಟು ಬಂದ್ರೆ ಸಾಕು. ತಾನೇ ನಕ್ಷತ್ರ ಹುಡುಕಿ, ಫೋಟೋ ತೆಗೆದು ಮೊಬೈಲಿಗೆ ಕಳಿಸುತ್ತೆ. ಮಕ್ಕಳು ಒಳಗೇ ಕೂತು ನೋಡ್ಬೋದು. ಬೆಲೆ ಮಾತ್ರ ದುಪ್ಪಟ್ಟು."

"ಹೊರಗಿಟ್ಟು ಬರೋರು ಯಾರು?"

ಗುರುಮಲ್ಲ ತಲೆ ತಗ್ಗಿಸಿದ.

ಕತ್ತಲೆಂದರೆ ಅವನಿಗೆ ಜೀವಭಯ. ಹುಡುಗನಾಗಿದ್ದಾಗ, ಬಾಲಚುಕ್ಕಿ ತೋರಿಸ್ತೀನಿ ಬಾ ಎಂದು ತಮ್ಮನ ಕೈಹಿಡಿದು ಕಣದ ಕಡೆಗೆ ಕರೆದುಕೊಂಡು ಹೋಗಿದ್ದ. ಇಬ್ಬರೂ ತಲೆಯೆತ್ತಿಕೊಂಡೇ ನಡೆಯುತ್ತಿದ್ದರು. ತಮ್ಮ ಹಾವನ್ನು ತುಳಿದ. ಬೆಳಗಾಗುವಷ್ಟರಲ್ಲಿ ಮಗು ಹೋಗಿಬಿಟ್ಟಿತ್ತು.

ಅಂದಿನಿಂದ ಗುರುಮಲ್ಲ ದೀಪ ಹಚ್ಚಿದ ಮೇಲೆ ಹೊಸ್ತಿಲು ದಾಟಿದವನಲ್ಲ. ಹಗ್ಗವನ್ನು ಹಾವೆಂದು ಭ್ರಮಿಸುವ ವೇದಾಂತವನ್ನು ಮಾತ್ರ ಮಕ್ಕಳಿಗೆ ಸೊಗಸಾಗಿ ಹೇಳುತ್ತಿದ್ದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ!

"ಇವತ್ತು ರಾತ್ರಿ ಪೂಜೆ ಆದ್ಮೇಲೆ ನನ್ನ ಜೊತೆ ಹೊಳೆಗೆ ಬಾ" ಎಂದರು ಗುರುಗಳು.

ಗುರುವಾಕ್ಯ ಮೀರುವ ಹಾಗಿರಲಿಲ್ಲ.

ಅಂದು ಅಮಾವಾಸ್ಯೆ. ಗುರುಗಳು ಟಾರ್ಚ್ ಬಿಟ್ಟುಕೊಂಡು, ಕೋಲಿನಿಂದ ನೆಲ ತಟ್ಟುತ್ತ ಮುಂದೆ ನಡೆದರು. ಮರಳಿನ ಮೇಲೆ ಕೂತು, ಕೋಲನ್ನು ತೊಡೆಯ ಮೇಲಿಟ್ಟುಕೊಂಡು, ಟಾರ್ಚ್ ಆರಿಸಿ ಅವನ ಕೈಗೆ ಕೊಟ್ಟರು.

"ಭಯ ಆದ್ರೆ ಹಾಕ್ಕೋ. ಆದ್ರೆ ಹಾಕಿದಾಗೆಲ್ಲ ಕಣ್ಣು ಮತ್ತೆ ಮೊದಲಿಂದ ಕತ್ತಲಿಗೆ ಒಗ್ಗಬೇಕು."

ಏನೋ ಸರಕ್ಕೆಂದಿತು. ಅವನು ಟಾರ್ಚ್ ಹಾಕಿದ. ಒಣಗಿದ ಎಲೆ. ಆರಿಸಿ ಮೇಲೆ ನೋಡಿದರೆ ಒಂದು ಚುಕ್ಕಿಯೂ ಕಾಣದು.

"ಮೊದಲಿಂದ" ಎಂದರು ಗುರುಗಳು.

ನೀರು ಗುಳುಕ್ಕೆಂದಿತು. ಮತ್ತೆ ಟಾರ್ಚ್. ಏನೂ ಇರಲಿಲ್ಲ.

"ಮೊದಲಿಂದ."

ಗುರುಮಲ್ಲನಿಗೆ ಅಳು ಬಂತು. "ನನ್ನ ಕೈಲಾಗಲ್ಲ ಬುದ್ಧಿ. ನನ್ನ ತಮ್ಮನಿಗಾದ ಹಾಗೆ ಆ ಮಕ್ಕಳಲ್ಲಿ ಯಾರಿಗಾದ್ರೂ ಆಗ್ಬಿಟ್ರೆ?"

ಗುರುಗಳು ಅವನ ಪಕ್ಕಕ್ಕೆ ಸರಿದು ಕೂತರು.

ಈ ಸಲ ಗುರುಮಲ್ಲ ಟಾರ್ಚಿನ ಗುಂಡಿಯ ಮೇಲೆ ಹೆಬ್ಬೆರಳಿಟ್ಟುಕೊಂಡು ಕೂತ, ಒತ್ತಲಿಲ್ಲ. ಹಾಗೆಯೇ ಹೊತ್ತು ಸರಿಯಿತು. ನಿಧಾನವಾಗಿ ಮರಳು ಬೆಳ್ಳಗಾಯಿತು. ಹೊಳೆ ಕಂಡಿತು. ಗುರುಗಳ ಗಡ್ಡ ಕಂಡಿತು. ತಲೆಯೆತ್ತಿದರೆ ಅಕ್ಕಿ ಚೆಲ್ಲಿದ ಹಾಗೆ ಚುಕ್ಕಿಗಳು. ತಮ್ಮನ ಕೈ ಹಿಡಿದಿದ್ದ ಆ ರಾತ್ರಿಯ ನಂತರ ಅವನು ಅಷ್ಟು ಚುಕ್ಕಿಗಳನ್ನು ನೋಡಿರಲಿಲ್ಲ.

ಆಗ ಮರಳಿನ ಮೇಲೆ ಏನೋ ಹರಿಯಿತು.

ಹೆಬ್ಬೆರಳು ಟಾರ್ಚಿನ ಗುಂಡಿಯ ಮೇಲೇ ಇತ್ತು. ಒತ್ತಬೇಕಾಗಲಿಲ್ಲ. ಬರಿಗಣ್ಣಿಗೇ ಕಾಣುತ್ತಿತ್ತು. ಹಗ್ಗವಲ್ಲ, ಹಾವೇ.

"ಬುದ್ಧಿ, ಕಾಲು ಅಲ್ಲಾಡಿಸ್ಬೇಡಿ. ಎಡಗಡೆ ಇದೆ" ಎಂದು ಪಿಸುಗುಟ್ಟಿದ.

ಗುರುಗಳ ತೊಡೆಯ ಮೇಲಿದ್ದ ಕೋಲನ್ನು ತೆಗೆದುಕೊಂಡು ನೆಲಕ್ಕೆ ಬಡಿದ. ಹಾವು ಒಂದು ಕ್ಷಣ ನಿಂತಿತು. ಮತ್ತೆ ಬಡಿದ. ಅದು ತಿರುಗಿ ಸರಸರನೆ ಹೊಳೆಗಿಳಿಯಿತು.

ಅದು ಹೋದ ಕಡೆಯನ್ನೇ ನೋಡುತ್ತ ಗುರುಮಲ್ಲ ಕೇಳಿದ.

"ನಿಮಗೆ ಭಯ ಆಗ್ಲಿಲ್ವಾ ಬುದ್ಧಿ?"

"ನನಗೆಲ್ಲಿ ಕಾಣಿಸ್ತಪ್ಪಾ! ನೀನು ಹೇಳಿದ್ಮೇಲೆ ಆಯ್ತು."

ಗುರುಮಲ್ಲ ಕೋಲನ್ನು ಹಿಂದಕ್ಕೆ ಕೊಡಲಿಲ್ಲ.

"ಹಾಗಾದ್ರೆ ಯಾವ ಟೆಲಿಸ್ಕೋಪು ತರಲಿ ಬುದ್ಧಿ?"

"ಒಂದೇ ಕೈಲಿ ಎತ್ತೋಕಾಗುವಂಥದ್ದು ತಗೊಂಡು ಬಾ. ಮಕ್ಕಳ ಮುಂದೆ ನಡೆಯೋವಾಗ ಇನ್ನೊಂದು ಕೈಲಿ ಕೋಲು ಇರ್ಬೇಕು."