ಬಿಸಿಲಿಗೆ ಹಿಡಿಯದ ಸೀರೆ

"ಮೇಡಂ, ಹೊಸ ರೋಗಿಯ ಬೆನ್ನುಮೂಳೆಯಿಂದ ತೆಗೆದ ನೀರಿನಲ್ಲಿ ಕ್ಷಯದ ಕ್ರಿಮಿ ಕಾಣಲಿಲ್ಲ ಎಂದು ವರದಿ ಬಂದಿದೆ. ಕ್ರಿಮಿಯನ್ನು ಬೆಳೆಸಿ ನೋಡುವ ಪರೀಕ್ಷೆಗೆ ಇನ್ನೂ ಆರೇಳು ವಾರ ಬೇಕಂತೆ. ಔಷಧ ಶುರು ಮಾಡಲು ಅಲ್ಲಿಯವರೆಗೆ ಕಾಯೋಣವೇ?" ಎಂದು ಶಿಷ್ಯೆ ಕೇಳಿದಳು.

ಹಿರಿಯ ವೈದ್ಯೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಒಂದು ಕತೆ ಹೇಳಿದರು.

"ಅಮ್ಮಾ, ಹೂವಿನ ಬೀದಿಗೆ ಹೇಗೆ ಹೋಗಬೇಕು?" ಎಂದು ಪಾತ್ರೆ ಮಾರುವವಳೊಬ್ಬಳು ಮೂಲೆಮನೆಯ ಮುಂದೆ ನಿಂತು ಕೇಳಿದಳು. ಅವಳು ನಿಂತಿದ್ದದ್ದು ಹೂವಿನ ಬೀದಿಯಲ್ಲೇ. ಹಳೆ ಸೀರೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುತ್ತಾ ಇಪ್ಪತ್ತು ವರ್ಷದಿಂದ ಪ್ರತಿ ವಾರವೂ ಅಲ್ಲಿಗೇ ಬರುತ್ತಿದ್ದಳು. ಇಪ್ಪತ್ತು ವರ್ಷದಿಂದ ಮೂಲೆಮನೆಯಾಕೆ ಅವಳೊಡನೆ ಜಗಳವಾಡುತ್ತಿದ್ದಳು.

"ನನ್ನ ಬಾಗಿಲಲ್ಲೇ ನಿಂತು ನನ್ನ ಬೀದಿ ಕೇಳ್ತೀಯಲ್ಲೇ, ತಮಾಷೆನಾ?" ಎಂದಳು ಮೂಲೆಮನೆಯಾಕೆ.

ಪಾತ್ರೆಯವಳು ನಗಲಿಲ್ಲ, ತಿರುಗಿ ಬೈಯಲೂ ಇಲ್ಲ. ಮೂಲೆಮನೆಯಾಕೆ ಮೆಟ್ಟಿಲಿಳಿದು ಅವಳ ಹತ್ತಿರ ಬಂದಳು.

ಪಾತ್ರೆಯವಳ ವ್ಯಾಪಾರಕ್ಕೆ ಒಂದು ಕ್ರಮವಿತ್ತು. ಸೀರೆಯನ್ನು ಬಿಡಿಸಿ ಬಿಸಿಲಿಗೆ ಹಿಡಿಯುವಳು. ಬೆಳಕು ತೂರಿಬಂದ ಒಂದೊಂದು ತೂತಿಗೂ ಒಂದೊಂದು ಬೈಗುಳ. ಆಮೇಲೆ ಒಂದು ಲೋಟಕ್ಕೆ ಅರ್ಧ ಗಂಟೆ ಚೌಕಾಸಿ. ಈಚೆಗೆ ಎರಡು ವಾರದಿಂದ ಮಾತ್ರ ತಲೆಗೆ ಸೆರಗು ಎಳೆದುಕೊಂಡು, ನೋಡದೆಯೇ ಸೀರೆ ತೆಗೆದುಕೊಂಡು, ಕೇಳಿದ್ದನ್ನು ಕೊಟ್ಟುಹೋಗುತ್ತಿದ್ದಳು. ಒಬ್ಬಾಕೆಗೆ ಹರಿದ ಟವೆಲ್ಲಿಗೆ ಇಡ್ಲಿಪಾತ್ರೆ ಸಿಕ್ಕಿತ್ತು. "ವಯಸ್ಸಾಯ್ತು ನೋಡಿ, ಅಂತೂ ಬುದ್ಧಿ ಬಂತು" ಎಂದು ಬೀದಿಗೆ ಬೀದಿಯೇ ಹಿಗ್ಗಿತ್ತು. ಮೂಲೆಮನೆಯಾಕೆಯೂ ಹೋದ ವಾರ ಸೀರೆಗಿಂತ ತೂತೇ ಹೆಚ್ಚಿದ್ದ ಒಂದು ಸೀರೆ ಕೊಟ್ಟು ಬಿಂದಿಗೆ ಪಡೆದಿದ್ದಳು. ಅದನ್ನು ನಾಲ್ಕು ಮನೆಗೆ ಹೊತ್ತುಕೊಂಡು ಹೋಗಿ ತೋರಿಸಿಯೂ ಬಂದಿದ್ದಳು.

"ಈಗೀಗ ಯಾಕೆ ಬಿಸಿಲಿಗೆ ಹಿಡಿದು ನೋಡಲ್ಲ ನೀನು?" ಎಂದು ಮೂಲೆಮನೆಯಾಕೆ ಕೇಳಿದಳು.

"ಬೆಳಕು ಕಣ್ಣಿಗೆ ಚುಚ್ಚುತ್ತೆ, ಅಕ್ಕಾ."

ಅಕ್ಕ! ಇಷ್ಟು ವರ್ಷದಲ್ಲಿ 'ಏ ಮೂಲೆಮನೆ' ಎಂಬುದರ ಹೊರತು ಬೇರೆ ಹೆಸರಿನಲ್ಲಿ ಅವಳು ಕರೆದದ್ದಿಲ್ಲ. ಮೂಲೆಮನೆಯಾಕೆ ಒಲೆ ಆರಿಸಿ, ಬೀಗ ಹಾಕಿ, ಆಟೋ ಕರೆದಳು.

ದಾರಿಯಲ್ಲಿ ಒಂದೊಂದೇ ಹೊರಬಿತ್ತು. ಮೂರು ವಾರದಿಂದ ತಲೆನೋವು, ಸಂಜೆಯಾದರೆ ಸಣ್ಣ ಜ್ವರ, ತಿಂದದ್ದೆಲ್ಲ ವಾಂತಿ. ಒಬ್ಬ ಡಾಕ್ಟರು ತಲೆನೋವಿನ ಮಾತ್ರೆ ಕೊಟ್ಟಿದ್ದರು. ಇನ್ನೊಬ್ಬರು ಟೈಫಾಯಿಡ್ ಎಂದಿದ್ದರು. ಕನ್ನಡಕದಂಗಡಿಯವನು ಕನ್ನಡಕವನ್ನೇ ಮಾರಿದ್ದ.

ದೊಡ್ಡಾಸ್ಪತ್ರೆಯ ವೈದ್ಯರು ಅವಳನ್ನು ಮಲಗಿಸಿ ತಲೆಯನ್ನು ಎದೆಯ ಕಡೆ ಬಾಗಿಸಲು ನೋಡಿದರು. ಕುತ್ತಿಗೆ ಬಾಗಲಿಲ್ಲ. ಹಲಗೆಯ ಹಾಗೆ ಬೆನ್ನೂ ಜೊತೆಗೆ ಎದ್ದಿತು.

"ನೀವು ಇವರಿಗೆ ಏನಾಗಬೇಕು?"

"ಜಗಳಕ್ಕೆ ನಾನೇ ಆಗಬೇಕು, ಬೇರೆ ಯಾರೂ ಇಲ್ಲ."

"ಇಷ್ಟು ಸಾಧು ಹೆಂಗಸಿನ ಜೊತೆ ಜಗಳವೇ?"

"ಸಾಧುನಾ? ಡಾಕ್ಟ್ರೇ, ಯಮ ಬಂದರೆ ಅವನ ಕೋಣಕ್ಕೂ ಚೌಕಾಸಿ ಮಾಡೋಳು ಇವಳು. ಎರಡು ವಾರದಿಂದ ಎಲ್ಲರಿಗೂ ಹೂಂ ಅಂತಿದಾಳೆ. ಅದೇ ಕಾಯಿಲೆ!"

ವೈದ್ಯರು ಆ ಮಾತನ್ನು ಹಾಗೆಯೇ ಬರೆದುಕೊಂಡು, ಬೆನ್ನಿನ ನೀರು ತೆಗೆದು ನೋಡಬೇಕು ಎಂದರು. ಸುದ್ದಿ ಕೇಳಿ ಓಡಿಬಂದ ಬೀದಿಯವರು, ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂದು ಗದ್ದಲ ಮಾಡಿದರು. "ನಿಮ್ಮ ಮನೆಗೆ ಬಂದ ಪಾತ್ರೆ ಮೊದಲು ವಾಪಸ್ ತನ್ನಿ, ಕಾಲಿನ ಮಾತು ಆಮೇಲೆ" ಎಂದಳು ಮೂಲೆಮನೆಯಾಕೆ. ಒಬ್ಬರೂ ನಿಲ್ಲಲಿಲ್ಲ.

ನೀರು ತಿಳಿಯಾಗಿತ್ತು. ಅದರಲ್ಲಿ ಸಕ್ಕರೆ ಕಡಿಮೆ, ಪ್ರೋಟೀನ್ ಹೆಚ್ಚು. ಕ್ರಿಮಿ ಮಾತ್ರ ಎಲ್ಲೂ ಇಲ್ಲ. ಮೆದುಳಿನ ಪೊರೆಗೆ ಹತ್ತುವ ಕ್ಷಯದಲ್ಲಿ ಕ್ರಿಮಿಗಳು ಕೆಲವೇ ಇರುತ್ತವೆ, ಹುಡುಕಿದವರಿಗೆಲ್ಲ ಸಿಗುವುದಿಲ್ಲ ಎಂದು ವೈದ್ಯರಿಗೆ ಗೊತ್ತಿತ್ತು. ಮೂರು ವಾರದ ಜ್ವರ, ಬಾಗದ ಕುತ್ತಿಗೆ, ನೀರಿನ ಲೆಕ್ಕ, ಮೂಲೆಮನೆಯಾಕೆಯ ಮಾತು, ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದರು. ಅಂದೇ ಕ್ಷಯದ ಮಾತ್ರೆಯನ್ನೂ ಊತ ಇಳಿಸುವ ಮದ್ದನ್ನೂ ಶುರು ಮಾಡಿದರು. ವರ್ಷವಿಡೀ ಒಂದು ದಿನವೂ ಬಿಡದೆ ನುಂಗಬೇಕು ಎಂದರು.

ಹತ್ತು ದಿನ ಪಾತ್ರೆಯವಳಿಗೆ ಯಾರ ಗುರುತೂ ಸಿಗಲಿಲ್ಲ. ಇಪ್ಪತ್ತನೆಯ ದಿನ ತಟ್ಟೆ ಸರಿಸಿ, "ಇದು ಉಪ್ಪಿಟ್ಟಾ, ಗೋಡೆಗೆ ಮೆತ್ತೋ ಗಾರೆಯಾ?" ಎಂದಳು. ಆ ಮಾತು ಕೇಳಿದ್ದೇ ಮೂಲೆಮನೆಯಾಕೆ ಮನೆಗೆ ಓಡಿಹೋಗಿ ಬಿಂದಿಗೆ ತಂದು ಮಂಚದ ಮೇಲಿಟ್ಟಳು.

ಪಾತ್ರೆಯವಳು ಮಂಚದ ಕೆಳಗಿದ್ದ ತನ್ನ ಗಂಟು ಬಿಚ್ಚಿಸಿ, ಆ ಸೀರೆಯನ್ನು ಹುಡುಕಿ, ಕಿಟಕಿಯ ಬಿಸಿಲಿಗೆ ಹಿಡಿದಳು. ಕಣ್ಣು ಮುಚ್ಚಲಿಲ್ಲ.

"ಇದಕ್ಕೆ ಬಿಂದಿಗೆಯಾ? ಸೊಳ್ಳೆ ಪರದೆಗೂ ಆಗದ ಸೀರೆ! ಒಂದು ಚಮಚ ಕೊಡ್ತೀನಿ. ಬೇಕಾದ್ರೆ ತಗೋ, ಬೇಡವಾದ್ರೆ ನಡಿ, ಏ ಮೂಲೆಮನೆ."

ಮೂಲೆಮನೆಯಾಕೆ ಬಿಂದಿಗೆ ಬಿಟ್ಟು ಚಮಚ ತೆಗೆದುಕೊಂಡಳು. ವಾರ್ಡಿನ ಹೊರಗೆ ಮೆಟ್ಟಿಲ ಮೇಲೆ ಕೂತು ಮನಸಾರೆ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಒಳಗೆ ಬಂದು, ಚಮಚ ಸೊಟ್ಟಗಿದೆ ಎಂದು ಜಗಳ ತೆಗೆದಳು.

ಶಿಷ್ಯೆ ನಕ್ಕಳು. "ಕ್ರಿಮಿ ಕೊನೆಗೂ ಸಿಕ್ಕಿತೇ, ಮೇಡಂ?"

"ಏಳನೆಯ ವಾರ ಸಿಕ್ಕಿತು."

"ಹಾಗಾದರೆ ಕಾದಿದ್ದರೂ ಗೊತ್ತಾಗುತ್ತಿತ್ತು."

"ಗೊತ್ತಾಗುತ್ತಿತ್ತು" ಎಂದು ಹಿರಿಯ ವೈದ್ಯೆ ಕನ್ನಡಕ ಹಾಕಿಕೊಂಡರು. "ವರದಿಯನ್ನು ಯಾರ ಕೈಗೆ ಕೊಡಬೇಕಿತ್ತು?"